ಅಜ್ಜಿಗೆ ಯಾವ ಕಲರ್ ಸೂಟ್ ಆಗತ್ತೆ?

(1/6)

ಹೋದ ವಾರ ಅಜ್ಜಿಯ ಹೊಸ ಸೀರೆ ಮಡಚಿಟ್ಟ ಫೋಟೋ ಹಾಕಿದ್ನಲ್ಲ, ನೇರಳೆ ಹಣ್ಣಿನ ಬಣ್ಣ, ಗಿಳಿಹಸಿರು ಅಂಚು, ಅದು. ಆವತ್ತಿಂದ ಡಿಎಂ ತುಂಬ ಒಂದೇ ಪ್ರಶ್ನೆ. "ನಮ್ಮಮ್ಮಂಗೆ 52, ಯಾವ ಕಲರ್ ಸೂಟ್ ಆಗತ್ತೆ?" "ಅಜ್ಜಿಗೆ ಹಬ್ಬಕ್ಕೆ ಕೊಡ್ಸ್ಬೇಕು, ಲೈಟ್ ತಗೊಳ್ಳಾ ಡಾರ್ಕ್ ತಗೊಳ್ಳಾ?" ನಮ್ಮ ಬಿಕಾಂ ಕ್ಲಾಸಿನ ಇಬ್ಬರು ಹುಡುಗರೂ ಕೇಳಿದೀರ. ಹೆಸರು ಹೇಳಲ್ಲ, ಭಯ ಬೇಡ.

ಉತ್ತರ ಉದ್ದ ಇದೆ, ಕ್ಯಾಪ್ಶನ್‌ಗೆ 2,200 ಅಕ್ಷರ ಲಿಮಿಟ್. ಅದಕ್ಕೇ ಆರು ಪೋಸ್ಟ್. ಓದೋರು ಓದಿ, ಬರೀ ಸೀರೆ ನೋಡೋರು ಸ್ವೈಪ್ ಮಾಡ್ಕೊಂಡು ಹೋಗಿ. ಅಜ್ಜಿ ಮುಖ ಮಾತ್ರ ಯಾವ ಫೋಟೋದಲ್ಲೂ ಇರಲ್ಲ. "ಸೀರೆ ಹಾಕ್ಕೋ, ನನ್ನ ಹಾಕ್ಬೇಡ" ಅಂತ ಆರ್ಡರ್ ಆಗಿದೆ.

ಇದರಲ್ಲಿರೋ ಬಣ್ಣದ ಬುದ್ಧಿಯೆಲ್ಲ ಅಜ್ಜಿದು, ನಂದಲ್ಲ. ಅವರಿಗೆ ಈಗ 63. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ 19 ವರ್ಷ ಕೆಲಸ ಮಾಡಿದಾರೆ. ಮೊದಲು ಚೆಕಿಂಗ್, ಕೊನೆಯ ಎಂಟು ವರ್ಷ ಬಟ್ಟೆ ಇನ್ಸ್‌ಪೆಕ್ಷನ್. ಅಂದ್ರೆ ಬಣ್ಣ ನೋಡೋದೇ ಅವರ ಉದ್ಯೋಗ ಆಗಿತ್ತು, ದಿನಕ್ಕೆ ಎಂಟು ಗಂಟೆ, ನಿಂತ್ಕೊಂಡು.

(2/6)

ನಿಮಗೆ ಇದು ಗೊತ್ತಿತ್ತಾ? ಒಂದೇ ಬಣ್ಣ ಅಂತ ಫ್ಯಾಕ್ಟರಿಗೆ ಬರೋ ಬಟ್ಟೆ ಥಾನುಗಳು ನಿಜಕ್ಕೂ ಒಂದೇ ಬಣ್ಣ ಇರಲ್ಲ. ಡೈ ಮಾಡಿದ ಬ್ಯಾಚ್ ಬೇರೆ ಆದ್ರೆ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರತ್ತೆ. ಬೆನ್ನಿನ ತುಂಡು ಒಂದು ಥಾನಿಂದ, ತೋಳು ಇನ್ನೊಂದರಿಂದ ಬಂದ್ರೆ, ಹೊಲಿದು ಮುಗಿದ ಮೇಲೆ ಶರ್ಟಿನ ತೋಳು ಪಕ್ಕದ ಮನೆಯಿಂದ ಎರವಲು ತಂದ ಹಾಗೆ ಕಾಣತ್ತೆ. ಅದಕ್ಕೇ ಕಟಿಂಗ್‌ನಲ್ಲೇ ಪ್ರತಿ ತುಂಡಿಗೂ ನಂಬರ್ ಸ್ಟಿಕ್ಕರ್ ಅಂಟಿಸ್ತಾರೆ. ಹೊಸ ಶರ್ಟಿನ ಒಳಗಡೆ ಒಂದೊಂದ್ಸಲ ಪುಟ್ಟ ಕಾಗದ ಅಂಟಿರತ್ತಲ್ಲ, ಅದೇ ಅದು.

ಅಜ್ಜಿ ಕೆಲಸ ಈ ಕೂದಲೆಳೆ ಹಿಡಿಯೋದು. ಅಲ್ಲೊಂದು ಲೈಟ್ ಬಾಕ್ಸ್ ಇರತ್ತೆ, ಒಳಗೆಲ್ಲ ಬೂದು ಬಣ್ಣ ಬಳಿದ ಡಬ್ಬ. ಮೇಲೆ ಬೇರೆ ಬೇರೆ ದೀಪ. ಡಿ65 ಅಂದ್ರೆ ಹಗಲು ಬೆಳಕಿನ ಥರದ್ದು, 6500 ಕೆಲ್ವಿನ್. ಟಿಎಲ್84 ಅಂದ್ರೆ ಫಾರಿನ್ ಅಂಗಡಿಗಳ ಟ್ಯೂಬ್‌ಲೈಟ್ ಥರದ್ದು. ಎರಡು ತುಂಡು ಬಟ್ಟೆ ಒಂದು ದೀಪದಲ್ಲಿ ಅವಳಿ-ಜವಳಿ, ಇನ್ನೊಂದು ದೀಪ ಹಾಕಿದ ತಕ್ಷಣ ಸಂಬಂಧವೇ ಇಲ್ಲ. ಇದಕ್ಕೆ ಮೆಟಮೆರಿಸಂ ಅಂತ ಹೆಸರು. ಅಜ್ಜಿ ಇದನ್ನ "ಕಳ್ಳ ಬಣ್ಣ" ಅಂತಾರೆ. ನನಗೆ ಅಜ್ಜಿಯ ಹೆಸರೇ ಇಷ್ಟ.

ಸೀರೆ ಅಂಗಡೀಲಿ ಹೆಂಗಸರು ಬಟ್ಟೆ ಹಿಡ್ಕೊಂಡು ಬಾಗಿಲ ಹತ್ರ ಹೋಗೋದು ನೋಡಿ ನಗ್ತೀವಲ್ಲ, ಅವರೆಲ್ಲ ಮಾಡ್ತಿರೋದು ಇದೇ ಟೆಸ್ಟ್. ಅವರ ಹತ್ರ ಡಬ್ಬ ಇಲ್ಲ, ಅದಕ್ಕೆ ಸೂರ್ಯನ್ನ ಬಳಸ್ಕೋತಾರೆ ಅಷ್ಟೆ.

(3/6)

ಈಗ ಮುಖದ ವಿಷಯ. ರೀಲ್ಸ್‌ನಲ್ಲಿ "ನೀವು ಸ್ಪ್ರಿಂಗಾ, ಆಟಮ್ಮಾ" ಅಂತ ಬರತ್ತಲ್ಲ, ಅದನ್ನ ಲೋಕಕ್ಕೆಲ್ಲ ಹಬ್ಬಿಸಿದ್ದು 1980ರಲ್ಲಿ ಅಮೆರಿಕದ ಕ್ಯಾರೊಲ್ ಜಾಕ್ಸನ್ ಬರೆದ 'ಕಲರ್ ಮಿ ಬ್ಯೂಟಿಫುಲ್' ಪುಸ್ತಕ. ಚರ್ಮ, ಕೂದಲು, ಕಣ್ಣು ನೋಡಿ ಮನುಷ್ಯರನ್ನ ನಾಲ್ಕು ಋತುಗಳಿಗೆ ಹಂಚೋದು. ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರ ಕೂದಲೂ ಕಪ್ಪು, ಕಣ್ಣೂ ಕಪ್ಪು-ಕಂದು, ಮೇಲಾಗಿ ನಮಗೆ ಋತು ಆರು. ಆ ಲೆಕ್ಕ ಇಲ್ಲಿ ಸರಿಯಾಗಿ ಕೂರಲ್ಲ ಅಂತ ನನ್ನ ಅಭಿಪ್ರಾಯ.

ಆದ್ರೆ ಒಂದು ವಿಷಯ ಎಲ್ಲ ಊರಿಗೂ ಒಂದೇ. ಬಟ್ಟೆ ಮೇಲೆ ಬಿದ್ದ ಬೆಳಕು ಗಲ್ಲದ ಕೆಳಗೆ, ಕೆನ್ನೆ ಮೇಲೆ ವಾಪಸ್ ಚೆಲ್ಲತ್ತೆ. ಹಸಿರು ಬಟ್ಟೆ ಹಸಿರು ಛಾಯೆ ಕೊಡತ್ತೆ, ಕೆಂಪು ಕೆಂಪಿನ ಛಾಯೆ. ಇಪ್ಪತ್ತರಲ್ಲಿ ನಮ್ಮ ಕಪ್ಪು ಕೂದಲು, ಹುಬ್ಬು ಎಲ್ಲ ಸೇರಿ ಮುಖಕ್ಕೆ ಒಂದು ಫ್ರೇಮ್ ಹಾಕಿರತ್ತೆ, ಏನು ಹಾಕಿದ್ರೂ ನಡೆಯತ್ತೆ. ಕೂದಲಲ್ಲಿ ಮೆಲನಿನ್ ಕಮ್ಮಿ ಆಗ್ತಾ ಬಂದಾಗ ಆ ಫ್ರೇಮ್ ತೆಳ್ಳಗಾಗತ್ತೆ. ಆಗ ಬಟ್ಟೆ ಆ ಕೆಲಸ ಮಾಡ್ಬೇಕು. ನಾವು ಏನು ಮಾಡ್ತೀವಿ? ಸರಿಯಾಗಿ ಆ ವಯಸ್ಸಿಗೇ ಬಿಸ್ಕೆಟ್ ಬಣ್ಣ, ಬೂದಿ ಬಣ್ಣ ತಂದು ಕೊಡ್ತೀವಿ. ಬೆಳ್ಳಿ ಕೂದಲು, ಬಿಸ್ಕೆಟ್ ಸೀರೆ, ಮಧ್ಯೆ ಮುಖ ಎಲ್ಲಿದೆ ಅಂತ ಹುಡುಕ್ಬೇಕು.

ಅಜ್ಜಿ ಟೆಸ್ಟ್ ಹೇಳ್ತೀನಿ, ಮನೇಲೇ ಮಾಡಿ. ಕಿಟಕಿ ಹತ್ರ ಕೂರಿಸಿ, ಸೆರಗು ಗಲ್ಲದ ಕೆಳಗೆ ಹಿಡೀರಿ. ನೀವು ಒಂದು ಕ್ಷಣ ಕಣ್ಣು ಮುಚ್ಚಿ ತೆಗೀರಿ. ಮೊದಲು ಸೀರೆ ಕಂಡ್ರೆ ವಾಪಸ್ ಇಡಿ. ಮೊದಲು ಮುಖ ಕಂಡ್ರೆ ಬಿಲ್ ಮಾಡ್ಸಿ. ಕಣ್ಣ ಕೆಳಗಿನ ಕಪ್ಪು ಜಾಸ್ತಿ ಆದ ಹಾಗೆ ಕಂಡ್ರೆ ಅದು ಬೇಡವೇ ಬೇಡ. ಲೈಟಾ ಡಾರ್ಕಾ ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಅಜ್ಜಿಯದು ಎಣ್ಣೆಗೆಂಪು ಮುಖ, ತುಂಬು ಬಣ್ಣ ಒಪ್ಪತ್ತೆ: ನೇರಳೆ, ನವಿಲು ನೀಲಿ, ಕುಂಕುಮ, ಮಾವಿನೆಲೆ ಹಸಿರು. ತೀರ ಬೆಳ್ಳಗಿರೋ ನಮ್ಮ ಓನರ್ ಆಂಟಿಗೆ ಅದೇ ನೇರಳೆ ಹಿಡಿದ್ರೆ ಜ್ವರ ಬಂದೋರ ಥರ ಕಾಣ್ತಾರೆ, ಅವರಿಗೆ ಈರುಳ್ಳಿ ಸಿಪ್ಪೆ ಬಣ್ಣ ಚೆಂದ. ಮತ್ತೆ, ಇಡೀ ಸೀರೆ ಬದಲಿಸೋಕೆ ದುಡ್ಡಿಲ್ಲ ಅಂದ್ರೆ ಬ್ಲೌಸ್ ಬದಲಿಸಿ. ಮುಖಕ್ಕೆ ಹತ್ರ ಇರೋದು ಅದೇ ತಾನೆ.

(4/6)

ಇಷ್ಟೆಲ್ಲ ಗೊತ್ತಿದ್ದ ಅಜ್ಜಿ ನಾಲ್ಕೈದು ವರ್ಷದಿಂದ ಉಡ್ತಿದ್ದ ಸೀರೆಗಳು ಯಾವ ಬಣ್ಣ ಗೊತ್ತಾ? ಬೂದಿ, ಕಾಫಿ, ಬಿಸ್ಕೆಟ್, ಸಿಮೆಂಟ್. ಪೀಣ್ಯದ ಶೆಡ್ಡುಗಳಿಗೆ ಪೇಂಟ್ ಹೊಡೆಯೋರ ಶೇಡ್ ಕಾರ್ಡ್ ಇದ್ದ ಹಾಗೆ.

2019ರಲ್ಲಿ ತಾತ ಹೋದರು. ಯಾರೂ ಕೂತು "ಇನ್ಮೇಲೆ ಈ ಬಣ್ಣ ಉಡಬೇಡ" ಅಂತ ಹೇಳಲಿಲ್ಲ. ನಮ್ಮ ಮನೆ ಅಷ್ಟು ಕಟ್ಟುನಿಟ್ಟಿನದ್ದೂ ಅಲ್ಲ. ಆದ್ರೆ ಹಬ್ಬಕ್ಕೆ, ಗೃಹಪ್ರವೇಶಕ್ಕೆ ಕೊಡೋ ಸೀರೆಗಳ ಬಣ್ಣ ತಾನಾಗೇ ಬದಲಾಯ್ತು. ಎಲ್ಲರೂ ಪ್ರೀತಿಯಿಂದಲೇ ಕೊಟ್ಟಿದ್ದು, ಅದೇ ಕಷ್ಟ. ಬೈದಿದ್ರೆ ವಾಪಸ್ ಬೈಬಹುದಿತ್ತು. ಹಳೇ ಬಣ್ಣದ ಸೀರೆಗಳು ಕೆಲವು ಅಮ್ಮನಿಗೆ, ಕೆಲವು ಚಿಕ್ಕಮ್ಮನಿಗೆ ಹೋದವು. ಮಿಕ್ಕಿದ್ದು ಟ್ರಂಕ್‌ಗೆ.

"ವಯಸ್ಸಿಗೆ ತಕ್ಕ ಬಣ್ಣ" ಅಂತ ನಾವು ಹೇಳೋದು ಎಷ್ಟೋ ಸಲ ವಯಸ್ಸಿನ ಬಗ್ಗೆ ಅಲ್ಲವೇ ಅಲ್ಲ. ತಾತ ಇದ್ದಾಗ 57ರಲ್ಲೂ ಅಜ್ಜಿ ಕೆಂಪು ಉಡ್ತಿದ್ರು, ಯಾರಿಗೂ ವಯಸ್ಸು ಕಾಣಲಿಲ್ಲ.

ಬಣ್ಣಕ್ಕೆ ಅಂಟಿಸಿರೋ ಅರ್ಥ ಎಷ್ಟು ಗಟ್ಟಿ ಅಂತ ನೋಡಿ. ಬಂಗಾಳದಲ್ಲಿ ಗಂಡ ಸತ್ತೋರಿಗೆ ಬಿಳಿ. ಕೇರಳದಲ್ಲಿ ಬಿಳಿ ಸೀರೆ, ಚಿನ್ನದಂಚು ಉಟ್ಟು ಮದುವೆ ಆಗ್ತಾರೆ, ಓಣಂ ದಿನ ನಾವೂ ಕಾಲೇಜಿಗೆ ಉಟ್ಕೊಂಡು ಬಂದು ರೀಲ್ಸ್ ಮಾಡ್ತೀವಿ. ಕೆಂಪು ಅಂದ್ರೆ ಮದುಮಗಳು ಅಂತೀವಿ. ಆದ್ರೆ ನಮ್ಮ ಕರ್ನಾಟಕದಲ್ಲೇ ಹಿಂದೆ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿದ ವಿಧವೆಯರಿಗೆ ಉಡಿಸ್ತಿದ್ದಿದ್ದು ಕೆಂಪು ಸೀರೆ. ಆ ಕಾಲದ ಬಾಲವಿಧವೆಯೊಬ್ಬರ ಬದುಕು ಗೊತ್ತಾಗ್ಬೇಕು ಅಂದ್ರೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿ. ಪ್ರೇಮಾ ಕಾರಂತ ಅದನ್ನ ಸಿನಿಮಾ ಕೂಡ ಮಾಡಿದಾರೆ. ಅದೇ ಕೆಂಪು, ಒಬ್ಬಳಿಗೆ ಸಂಭ್ರಮ, ಇನ್ನೊಬ್ಬಳಿಗೆ ಶಿಕ್ಷೆ.

ನಮ್ಮ ವಠಾರದಲ್ಲೇ ಬಾಗಲಕೋಟೆ ಕಡೆಯ ಒಬ್ಬ ಅಜ್ಜಿ ಇದಾರೆ, 70 ದಾಟಿದೆ. ದಿನಾ ಇಳಕಲ್ ಸೀರೆ. ಇಳಕಲ್‌ನಲ್ಲಿ ಒಡಲು ಯಾವ ಬಣ್ಣ ಇದ್ರೂ ಸೆರಗು ಕೆಂಪು. ಒಡಲಿನ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಕುಣಿಕೆ ಹಾಕಿ ಜೋಡಿಸ್ತಾರೆ, ಟೋಪ ತೆನಿ ಅಂತ. ಆ ಅಜ್ಜಿ ನೀರು ಹಿಡಿಯೋಕೆ ಬಂದ್ರೂ ತಲೆ ಮೇಲೆ ಕೆಂಪು ಸೆರಗು ಇರತ್ತೆ, ಬೆಳ್ಳಿ ಕೂದಲಿಗೆ ಆ ಕೆಂಪು ಎಷ್ಟು ಚೆಂದ ಅಂದ್ರೆ, ನಾನು ಫೋಟೋ ತೆಗೀಲಾ ಅಂತ ಕೇಳಿ ಬೈಸ್ಕೊಂಡಿದೀನಿ.

(5/6)

ಈ ವರ್ಷ ಫೆಬ್ರವರಿಯಲ್ಲಿ ಅಜ್ಜಿಗೆ ಬಲಗಣ್ಣಿನ ಪೊರೆ ಆಪರೇಶನ್ ಆಯ್ತು. ಎಡಗಣ್ಣಿಂದು ಇನ್ನೂ ಬಾಕಿ.

ಪಟ್ಟಿ ಬಿಚ್ಚಿದ ಎರಡನೇ ದಿನ ಅಜ್ಜಿ ಒಂದೊಂದೇ ಕಣ್ಣು ಮುಚ್ಕೊಂಡು ಗೋಡೆ ನೋಡ್ತಾ ಕೂತಿದ್ರು. ಬಲಗಣ್ಣಿಗೆ ಗೋಡೆ ಬಿಳಿ, ಎಡಗಣ್ಣಿಗೆ ಟೀ ಸೋಸಿದ ಬಟ್ಟೆ ಬಣ್ಣ. ವಯಸ್ಸಾದ ಹಾಗೆ ಕಣ್ಣಿನೊಳಗಿನ ಲೆನ್ಸ್ ಹಳದಿ ತಿರುಗತ್ತೆ, ನೀಲಿ-ನೇರಳೆ ಬೆಳಕು ಒಳಗೆ ಬರೋದು ಕಮ್ಮಿ ಆಗತ್ತೆ. ನೇವಿ ಬ್ಲೂ ಕಪ್ಪಾಗಿ ಕಾಣತ್ತೆ. ನಿಧಾನಕ್ಕೆ ಆಗೋದ್ರಿಂದ ಗೊತ್ತೇ ಆಗಲ್ಲ. ಹೊಸ ಲೆನ್ಸ್ ಹಾಕಿದ ತಕ್ಷಣ ನೀಲಿ ವಾಪಸ್ ಬರತ್ತೆ. ಕೂದಲೆಳೆ ಶೇಡ್ ಹಿಡೀತಿದ್ದ ಕಣ್ಣು ಅದು, ಯೋಚನೆ ಮಾಡಿ.

ಆಮೇಲೆ ಎದ್ದು ಬೀರು ತೆಗೆದರು. ವಾರಕ್ಕೆರಡು ಸಲ ಉಡ್ತಿದ್ದ "ಬೂದಿ ಸೀರೆ" ಆಚೆ ಬಂತು. ಅದು ಬೂದಿ ಅಲ್ಲ. ತೆಳು ನೇರಳೆ, ಲ್ಯಾವೆಂಡರ್. ನಮಗೆಲ್ಲ ಅದು ಮೊದಲಿಂದಲೂ ಹಾಗೇ ಕಾಣ್ತಿತ್ತು. ಅಜ್ಜಿಗೆ ಬೂದಿ ಅಂತ ಕಾಣ್ತಿದೆ ಅಂತ ಯಾರಿಗೆ ಗೊತ್ತು? ಉಟ್ಟ ಸೀರೆಯ ಬಣ್ಣದ ಬಗ್ಗೆ ಅವರ ಹತ್ರ ಯಾರೂ ಮಾತಾಡ್ತಾನೇ ಇರಲಿಲ್ಲ.

"ಎರಡು ವರ್ಷ ನೇರಳೆ ಉಟ್ಕೊಂಡು ಓಡಾಡಿದೀನೇನೇ ನಾನು?" ಅಂತ ಜೋರಾಗಿ ನಕ್ಕರು. "ಮದುವೆಗೂ ಉಟ್ಟಿದ್ನಲ್ಲೇ! ಯಾರೂ ಏನೂ ಅನ್ನಲಿಲ್ಲ!"

ಸ್ವಲ್ಪ ಹೊತ್ತಾದ ಮೇಲೆ ಸೀರೆ ಮಡಚ್ತಾ ಅವರೇ ಅಂದರು: "ನೋಡಿದ್ರೆ ತಾನೇ ಅನ್ನೋದು."

(6/6)

ಏಪ್ರಿಲ್‌ನಲ್ಲಿ ತುಮಕೂರಲ್ಲಿ ಮದುವೆ ಇತ್ತು. ಅಜ್ಜಿಯೇ "ಚಿಕ್ಕಪೇಟೆಗೆ ಹೋಗೋಣ" ಅಂದರು. ಪೀಣ್ಯದಲ್ಲಿ ಗ್ರೀನ್ ಲೈನ್ ಹತ್ತಿದ್ರೆ ಎಲ್ಲೂ ಬದಲಿಸದೆ ಸೀದಾ ಚಿಕ್ಕಪೇಟೆ, ಅಷ್ಟು ಸುಲಭ.

ಅಂಗಡಿಯವರು ಬೈಟೂ ಕಾಫಿ ಥರ ನಮ್ಮಿಬ್ಬರನ್ನೂ ನೋಡಿ ಎರಡು ಭಾಗ ಮಾಡಿದರು. ನನಗೆ ಈ ಕಡೆ, "ಅಮ್ಮಾವ್ರಿಗೆ ಆ ಕಡೆ". ಆ ಕಡೆಯ ಶೆಲ್ಫ್ ಪೂರ್ತಿ ಬಿಸ್ಕೆಟ್. ಅಕೌಂಟ್ಸ್‌ನಲ್ಲಿ ಮೆಷಿನ್‌ಗೆ ವರ್ಷ ವರ್ಷ ಡೆಪ್ರಿಸಿಯೇಶನ್ ಕಳೆದು ಕೊನೆಗೆ ಸ್ಕ್ರ್ಯಾಪ್ ವ್ಯಾಲ್ಯೂ ಬರೀತೀವಲ್ಲ, ಆ ಶೆಲ್ಫ್ ಮುಂದೆ ನಿಂತಾಗ ಅದೇ ಜ್ಞಾಪಕ ಬಂತು. ಬೇಗ ಹೋಗದ ಸ್ಟಾಕನ್ನೇ ವಯಸ್ಸಾದೋರಿಗೆ ತೋರಿಸ್ತಾರೆ ಅಂತ ನನ್ನ ಗುಮಾನಿ, ಪ್ರೂಫ್ ಇಲ್ಲ.

ಅಜ್ಜಿ ಜಗಳ ಏನೂ ಆಡಲಿಲ್ಲ. ಈ ಕಡೆ ಬಂದು ನನ್ನ ಪಕ್ಕ ಕೂತರು. ಏಳು ಸೀರೆ ಬಾಗಿಲ ತನಕ ಹೊತ್ಕೊಂಡು ಹೋಗಿದ್ದು ನಾನು. ಒಂದೊಂದನ್ನೂ ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರು. ಒಂದು ಸಾಸಿವೆ ಬಣ್ಣದ್ದು ಒಳಗೆ ಚಿನ್ನದ ಥರ ಇತ್ತು, ಬಿಸಿಲಿಗೆ ಹಿಡಿದ್ರೆ ಸಪ್ಪೆ. "ಕಳ್ಳ" ಅಂದು ವಾಪಸ್ ಕೊಟ್ಟರು. ನೇರಳೆ ಹಣ್ಣಿನದ್ದು ಒಳಗೂ ಅದೇ, ಹೊರಗೂ ಅದೇ. ಗಲ್ಲದ ಕೆಳಗೆ ಹಿಡಿದೆ. ಮೊದಲು ಮುಖ ಕಾಣಿಸ್ತು.

ಮದುವೇಲಿ ಒಬ್ಬ ಅತ್ತೆ ಬಂದು ಸೆರಗು ಮುಟ್ಟಿ ನೋಡಿ, "ಏನಕ್ಕಾ, ಈ ವಯಸ್ಸಲ್ಲಿ ಇಷ್ಟು ಗಾಢ?" ಅಂದರು. ಅಜ್ಜಿ ಊಟದ ಎಲೆಗೆ ನೀರು ಚಿಮುಕಿಸ್ತಾ, "ಕಣ್ಣು ಆಪರೇಶನ್ ಆಯ್ತಲ್ಲಾ, ಈಗ ಕಾಣ್ತದೆ" ಅಂದರು. ಅತ್ತೆಗೆ ಏನು ಅರ್ಥ ಆಯ್ತೋ. ಪಾಯಸ ಬರೋ ಹೊತ್ತಿಗೆ ಅಂಗಡಿ ಯಾವುದು ಅಂತ ಕೇಳ್ತಿದ್ರು.

ರೇಟ್ ಕೇಳಿದೋರಿಗೆ: 2,150 ರೂಪಾಯಿ, ಸೆಮಿ ಸಿಲ್ಕ್. ಮೈಸೂರು ಸಿಲ್ಕಾ ಅಂತ ಕೇಳಿದೀರ, ಅಷ್ಟು ದುಡ್ಡಿಗೆ ಅದು ಸಿಗಲ್ಲ ಗೆಳೆಯರೇ, ನನಗೆ ಕ್ಯಾಂಪಸ್ ಪ್ಲೇಸ್‌ಮೆಂಟ್ ಆಗ್ಲಿ. ಅಂಚಿನ ಹಸಿರಲ್ಲೇ ಬ್ಲೌಸ್ ಹೊಲಿಸಿದೀವಿ, ಮೂರನೇ ಫೋಟೋ ನೋಡಿ.

ಕಾಮೆಂಟಲ್ಲಿ ನಿಮ್ಮ ಮನೆಯ ಬಣ್ಣದ ಹೆಸರುಗಳು ಬರೀರಿ. ನಮ್ಮ ಮನೇಲಿ ಬದನೆಕಾಯಿ, ನೇರಳೆ ಹಣ್ಣು, ಈರುಳ್ಳಿ ಸಿಪ್ಪೆ ಎಲ್ಲ ಬೇರೆ ಬೇರೆ, ನಾವು ಮೂರಕ್ಕೂ ಪರ್ಪಲ್ ಅಂದ್ರೆ ಅಜ್ಜಿ ಹಣೆ ಚಚ್ಕೋತಾರೆ. ಎಡಗಣ್ಣಿನ ಆಪರೇಶನ್ ಮುಂದಿನ ತಿಂಗಳು. ಆದ ಮೇಲೆ ಟ್ರಂಕ್ ತೆಗೀತಾರಂತೆ.

#ಅಜ್ಜಿಸೀರೆ #ಪೀಣ್ಯ #ಚಿಕ್ಕಪೇಟೆ #ನೇರಳೆಹಣ್ಣು