ಪ್ರಶ್ನೆಯ ಮರ್ಯಾದೆ

ಯಲಬುರ್ಗಾ ಸೀಮೆಯ ಹಳ್ಳಿಯ ಪಡಸಾಲೆಯಲ್ಲಿ ಚಾಪೆ ಹಾಸಿ, ನೀರಿನ ತಂಬಿಗೆಯನ್ನು ಮುಂದಿರಿಸಿ, "ಬರಕೊಂಡ್ ಹೋದ್ರ ನಮಗೇನ್ ಸಿಗತೈತ್ರೀ?" ಎಂದು ಮನೆಯಾಕೆ ಕೇಳಿದೊಡನೆ, ಪ್ರಶ್ನಾವಳಿಯ ಹಾಳೆ ತೆರೆಯುವ ಮೊದಲೇ, ಸಮೀಕ್ಷೆಯ ಅತ್ಯಂತ ಸೂಕ್ಷ್ಮವಾದ ಕಾರ್ಯವು ಆರಂಭವಾಗಿರುತ್ತದೆ. ಆಗ ಏನೂ ಸಿಗದೆಂದು ಸ್ಪಷ್ಟವಾಗಿ ಹೇಳಿಬಿಡುವುದೇ ಲೇಸು; ಏಕೆಂದರೆ ಭಯದಂತೆಯೇ ಭರವಸೆಯೂ ಉತ್ತರವನ್ನು ಬಾಗಿಸುತ್ತದೆ. ದೇವದಾಸಿ ಪದ್ಧತಿಯ ವಿಷಯದಲ್ಲಿ ಇವೆರಡೂ ಏಕಕಾಲಕ್ಕೆ ಎದುರಾಗುವುವು: ಒಂದೆಡೆ ನಿಷೇಧ ಕಾಯಿದೆಯ ಅಂಜಿಕೆ, ಇನ್ನೊಂದೆಡೆ ಸರ್ಕಾರದ ಸಮೀಕ್ಷಾ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಾಸಾಶನವಿಲ್ಲವೆಂಬ ಆತಂಕ. ಇಂತಹ ಇಕ್ಕಟ್ಟಿನಲ್ಲಿರುವವಳ ಮೌನವನ್ನು ಕಪಟವೆಂದು ಕರೆಯಲು ನನ್ನ ಮನಸ್ಸು ಒಡಂಬಡದು.

ಮಗಳ ಮದುವೆಯಾದಾಗ ವಯಸ್ಸೆಷ್ಟೆಂದು ನೇರವಾಗಿ ಕೇಳಿದರೆ, ಕಾನೂನು ಎಲ್ಲರಿಗೂ ತಿಳಿದಿರುವುದರಿಂದ, ಹದಿನೆಂಟೆಂಬ ಉತ್ತರವು ತಡವರಿಸದೆ ಬರುವುದು. ಆದುದರಿಂದ ನಾನು ವಯಸ್ಸನ್ನು ಬಿಟ್ಟು ಕಾಲವನ್ನು ಕೇಳುವೆನು: ಶಾಲೆ ಬಿಟ್ಟದ್ದು ಯಾವ ತರಗತಿಯಲ್ಲಿ, 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಹುಡುಗಿ ತವರಿನಲ್ಲಿದ್ದಳೋ ಅತ್ತೆಮನೆಯಲ್ಲಿದ್ದಳೋ. ತಾಯಿಯ ತಲೆಮಾರಿಗೆ 1997 ಉತ್ತಮವಾದ ಗುರುತು, "ನಿಮ್ಮ ಮದುವಿ ಆದಾಗ ಕೊಪ್ಪಳ ಜಿಲ್ಲಾ ಆಗಿತ್ತೇನ್ ಯವ್ವಾ, ಇಲ್ಲಾ ಇನ್ನೂ ರಾಯಚೂರಿಗೇ ಇತ್ತ?" ಎಂದೊಡನೆ ಸೋಬಾನೆ, ಬರಗಾಲ, ಬಳೆಗಾರ ಎಲ್ಲವೂ ನೆನಪಿಗೆ ಬಂದು, ವರ್ಷವು ತಾನಾಗಿ ಹೊರಬೀಳುವುದು. ಇದು ಬಲೆಯಾಗಬಾರದು, ಉತ್ತರವು ಯಾರ ಕೈಗೆ ಹೋಗುವುದೆಂಬುದನ್ನು ಮೊದಲೇ ತಿಳಿಸದೆ ಹೀಗೆ ಕೇಳುವುದನ್ನು ನಾನು ದ್ರೋಹವೆಂದೇ ಎಣಿಸುವೆನು.

ಕುಷ್ಟಗಿಯ ಕಡೆ ಅತ್ತೆ, ನೆರೆಯವರು, ಗುಳೆಯಿಂದ ಮರಳಿದ ಗಂಡ ಎಲ್ಲರೂ ಸುತ್ತ ಕೂಡುವರು. ಗಂಡನ ಹೊಡೆತದ ಪ್ರಶ್ನೆಯನ್ನು ಅಲ್ಲಿ ಕೇಳುವುದೇ ಅಪಾಯಕರ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ವಿಷಯಕ್ಕಾಗಿ ಮನೆಗೊಬ್ಬಳೇ ಮಹಿಳೆಯನ್ನು ಆಯ್ದು, ಏಕಾಂತ ದೊರೆಯದಿದ್ದಲ್ಲಿ ಆ ಪ್ರಶ್ನೆಗಳನ್ನೇ ಕೈಬಿಡುವ ನಿಯಮವಿತ್ತು.

ಕೇಳುವವನಿಂದಲೇ ಉತ್ತರವನ್ನು ಮರೆಮಾಡುವ ಉಪಾಯಗಳು ಇನ್ನೂ ಸುಂದರವಾದವು. 1965ರಲ್ಲಿ ಅಮೆರಿಕೆಯ ಸ್ಟ್ಯಾನ್ಲಿ ವಾರ್ನರ್ ಎಂಬವರು, ಪರಸ್ಪರ ವಿರುದ್ಧವಾದ ಎರಡು ಹೇಳಿಕೆಗಳಲ್ಲಿ ಯಾವುದಕ್ಕೆ ಉತ್ತರಿಸಬೇಕೆಂಬುದನ್ನು ತಿರುಗುವ ಮುಳ್ಳೇ ಗುಟ್ಟಾಗಿ ನಿರ್ಧರಿಸುವ ಕ್ರಮವನ್ನು ಸೂಚಿಸಿದರು. ನಮ್ಮ ಕರ್ನಾಟಕದ ಎಚ್‌ಐವಿ ತಡೆ ಕಾರ್ಯಕ್ರಮಗಳಲ್ಲಿ ಅದಕ್ಕಿಂತ ಸರಳವಾದ ಮತಗಟ್ಟೆ ಸಮೀಕ್ಷೆಯು ಬಳಕೆಗೆ ಬಂದಿತು. ಗುಂಪಾಗಿ ಕುಳಿತರೂ ಒಬ್ಬೊಬ್ಬರಿಗೂ ಒಂದೊಂದು ಮರೆ. ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೊಡನೆ ಆ ಪ್ರಶ್ನೆಯ ಸಂಖ್ಯೆಯುಳ್ಳ ಚೀಟಿಯನ್ನು ಹೌದು ಅಥವಾ ಇಲ್ಲವೆಂಬ ಪೆಟ್ಟಿಗೆಗೆ ಹಾಕುವರು. ಕೊನೆಗೆ ಎಲ್ಲರ ಚೀಟಿಗಳನ್ನೂ ಕಲೆಸಿ ಎಣಿಸುವರು. ಓದುಬರಹ ಬೇಕಿಲ್ಲ, ಹೆಸರಿಲ್ಲ, ಮುಖ ನೋಡುವವರಿಲ್ಲ. ಮುಖಾಮುಖಿ ಸಂದರ್ಶನದಲ್ಲಿ ಅಡಗಿದ್ದ ಲೈಂಗಿಕ ನಡವಳಿಕೆಯ ಎಷ್ಟೋ ಸಂಗತಿಗಳು ಈ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಪ್ರಕಟವಾದುವು.

ಆದರೂ ಪೆಟ್ಟಿಗೆಯು ಎಷ್ಟು ಮಂದಿಯೆಂದು ಹೇಳೀತೇ ಹೊರತು ಏಕೆಂದು ಹೇಳಲಾರದು. ಗಂಗಾವತಿಯ ಅಕ್ಕಿ ಗಿರಣಿಯ ಹಮಾಲರಲ್ಲಿ ಎಷ್ಟು ಮಂದಿ ನಿತ್ಯ ಕುಡಿಯುವರೆಂಬುದನ್ನು ಚೀಟಿಗಳಿಂದ ತಿಳಿಯಬಹುದು. ಮೂಟೆ ಹೊತ್ತ ಬೆನ್ನಿಗೂ ಆ ಕುಡಿತಕ್ಕೂ ಇರುವ ಸಂಬಂಧವನ್ನು ತಿಳಿಯಲು, ಚೀಟಿಗಳ ಎಣಿಕೆ ಮುಗಿದ ಮೇಲೆ, ತಾನಾಗಿ ಮಾತಿಗೆ ನಿಂತವನೊಡನೆ ಚಹದಂಗಡಿಯ ಬೆಂಚಿನಲ್ಲಿ ಲೇಖನಿಯನ್ನು ಜೇಬಿನಲ್ಲಿಟ್ಟುಕೊಂಡೇ ಕುಳಿತುಕೊಳ್ಳಬೇಕಾಗುತ್ತದೆ.