ಬದನೆಯ ಟೋಪಿ, ದಾಳಿಂಬೆಯ ಕಿರೀಟ

ತರಕಾರಿ ಅಂಗಡಿಯಲ್ಲಿ ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತೇನೆ. ಚೌಕಾಸಿಗಲ್ಲ, ಕಾಯಿಗಳನ್ನು ತಿರುಗಿಸಿ, ಹೂವಿನ ಗುರುತು ಯಾವ ತುದಿಯಲ್ಲಿ ಉಳಿದಿದೆ ಎಂದು ನೋಡುವುದು ನನ್ನ ಚಟ. ಬದನೆಕಾಯಿಯ ಹಸಿರು ಟೋಪಿ ತೊಟ್ಟಿನ ಕಡೆಗಿರುತ್ತದೆ. ಸೀಬೆ, ದಾಳಿಂಬೆಗಳಿಗೆ ಕಿರೀಟವಿರುವುದು ತೊಟ್ಟಿನ ಎದುರು ತುದಿಯಲ್ಲಿ. ಟೋಪಿ, ಕಿರೀಟ ಎರಡೂ ಮೊಗ್ಗನ್ನು ಮುಚ್ಚಿಕೊಂಡಿದ್ದ ಪುಷ್ಪಪತ್ರಗಳೇ. ವ್ಯತ್ಯಾಸವಿರುವುದು ಅಂಡಾಶಯ ಕೂತ ಜಾಗದಲ್ಲಿ. ಬದನೆ ಹೂವಿನಲ್ಲಿ ಅದು ಉಳಿದ ಅಂಗಗಳು ಹುಟ್ಟುವ ಜಾಗಕ್ಕಿಂತ ಮೇಲಿದೆ, ಅಂದರೆ ಉಚ್ಚ ಅಂಡಾಶಯ. ಸೀಬೆಯಲ್ಲಿ ಪುಷ್ಪಪತ್ರ, ದಳ, ಕೇಸರಗಳೆಲ್ಲ ಅಂಡಾಶಯದ ನೆತ್ತಿಯ ಮೇಲೆ ನಿಂತಿವೆ. ಅದು ನೀಚ ಅಂಡಾಶಯ. ಫ್ರಾನ್ಸಿನ ಜ್ಯೂಸಿಯೂ 1789ರಲ್ಲಿ ಗಿಡಗಳನ್ನು ವಿಂಗಡಿಸುವಾಗ, ಕೇಸರಗಳು ಅಂಡಾಶಯದ ಕೆಳಗೆ ಹುಟ್ಟುತ್ತವೋ ಸುತ್ತ ಹುಟ್ಟುತ್ತವೋ ಮೇಲೋ ಎಂಬುದನ್ನೂ ಒಂದು ಆಧಾರವಾಗಿ ಇಟ್ಟುಕೊಂಡಿದ್ದ.

ಬ್ಲೇಡು ಹಿಡಿದು ಹೂ ಸೀಳುವ ಸುಖವೇ ಬೇರೆ. ಆದರೆ ಕುಂಬಳಕ್ಕೆ ಬ್ಲೇಡೂ ಬೇಡ. ಹೆಣ್ಣು ಹೂ ಅರಳುವ ಮೊದಲೇ ಅದರ ಬುಡದಲ್ಲಿ ಗೋಲಿಯಷ್ಟು ಕುಂಬಳ ಕಾಣುತ್ತದೆ. ಗಂಡು ಹೂವಿಗೆ ಬರೀ ತೊಟ್ಟು. ಹಿತ್ತಲಲ್ಲಿ ಬಳ್ಳಿ ಹಬ್ಬಿಸಿದವರಿಗೆಲ್ಲ ಇದು ಗೊತ್ತು. ಗಂಡು ಹೂವಿನ ಪರಾಗವನ್ನು ಜೇನು ತಂದು ಮುಟ್ಟಿಸದಿದ್ದರೆ ಆ ಹೀಚು ಹಳದಿಯಾಗಿ ಉದುರುತ್ತದೆ. ಮುಟ್ಟಿಸಿದರೆ ದಳ ಬಾಡಿ ಬೀಳುತ್ತದೆ, ಕಾಯಿಯ ತುದಿಯಲ್ಲಿ ಒಂದು ದುಂಡು ಕಲೆ ಉಳಿಯುತ್ತದೆ. ಬಾಳೆಯದೂ ನೀಚ ಅಂಡಾಶಯವೇ. ಎಳೆಗಾಯಿಯ ತುದಿಗೆ ಅಂಟಿಕೊಂಡ ಕಪ್ಪು ಒಣಕಲು ಅದರ ಹೂವು. ನಾವು ಬೆಳೆಸುವ ಬಾಳೆಗೆ ಪರಾಗವೇ ಬೇಕಿಲ್ಲ. ಹಣ್ಣಿನೊಳಗಿನ ಕಪ್ಪು ಚುಕ್ಕೆಗಳು ಬೀಜವಾಗದೆ ನಿಂತ ಅಂಡಕಗಳು.

ಸೇಬು ಇನ್ನೂ ಸ್ವಾರಸ್ಯದ್ದು. ಅಲ್ಲಿ ನಾವು ತಿನ್ನುವ ತಿರುಳಿನ ಬಹುಪಾಲು ಅಂಡಾಶಯವಲ್ಲ, ಅದನ್ನು ಸುತ್ತಿ ಬೆಳೆದ ಹೂಬಟ್ಟಲು. ಅಂಡಾಶಯದ ಮುಖ್ಯ ಭಾಗವನ್ನು ಬೀಜದ ಗೂಡೆಂದು ಎಸೆಯುತ್ತೇವೆ. ಗೇರುಹಣ್ಣು ಇದಕ್ಕಿಂತಲೂ ತುಂಟ: ಉಚ್ಚ ಅಂಡಾಶಯದಿಂದ ಬೆಳೆದ ನಿಜವಾದ ಕಾಯಿ ಕೆಳಗೆ ನೇತಾಡುವ ಗೇರುಬೀಜ, ರಸ ತುಂಬಿದ ಹಣ್ಣು ಬರೀ ಊದಿದ ತೊಟ್ಟು! ಮಕ್ಕಳಿಗೆ ಸಸ್ಯಶಾಸ್ತ್ರವನ್ನು ಕಪ್ಪುಹಲಗೆಯ ಚಿತ್ರಕ್ಕಿಂತ ಹಣ್ಣಿನ ಬುಟ್ಟಿಯಿಂದ ಕಲಿಸುವುದೇ ವಾಸಿ ಎಂದು ನನಗೆ ಅನ್ನಿಸುವುದು ಇದಕ್ಕೇ.

ಮುಂದಿನ ಸಲ ದಾಳಿಂಬೆ ಬಿಡಿಸುವಾಗ ಕಿರೀಟವನ್ನು ಕತ್ತರಿಸಿ ಎಸೆಯುವ ಮೊದಲು ಒಳಗೆ ಇಣುಕಿ ನೋಡಿ. ಹೂವಿನ ಕೇಸರಗಳು ಒಣಗಿ ಅಲ್ಲೇ ಕೂತಿರುತ್ತವೆ.