ವಕಾಲತ್ತಿನ ಕಾಗದ

ಕಳೆದ ತಿಂಗಳು ಗದಗದಿಂದ ಅಣ್ಣನ ಟಪಾಲು ಬಂದಿತು. ಒಳಗೊಂದು ವಕಾಲತ್ತುನಾಮೆ. ಹೊಲದ ಬದುವಿನ ಬಗ್ಗೆ ನೆರೆಯವರು ನಮ್ಮ ಮೇಲೆ ದಾವೆ ಹೂಡಿದ್ದಾರೆ. ಉತಾರದಲ್ಲಿ ನನ್ನ ಹೆಸರೂ ಇರುವುದರಿಂದ ನನ್ನ ಸಹಿಯೂ ಬೇಕು. ಆದರೆ ಕಾಗದದಲ್ಲಿ ವಕೀಲರ ಹೆಸರಿನ ಜಾಗ ಖಾಲಿ, ದಾವೆಯ ನಂಬರಿನ ಜಾಗವೂ ಖಾಲಿ.

ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅದು ಎಂಟು ದಿನ ಗಡಿಯಾರದ ಹಿಂದೆ ಕುಳಿತಿತು. “ಭಾವಾರು ಕಳಿಸ್ಯಾರ, ಸಹಿ ಮಾಡಿ ಕಳಸ್ರಿ. ಒಡಹುಟ್ಟಿದವರ ಮ್ಯಾಲೂ ಸಂಶಯೇನು?” ಎಂದಳು ನನ್ನ ಹೆಂಡತಿ. ಸಂಶಯ ಅಣ್ಣನ ಮೇಲಲ್ಲ. ಸಾಹುಕಾರನೊಬ್ಬನ ಮಾತು ನಂಬಿ ಅಪ್ಪ ಬರಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಎರಡು ಎಕರೆ ಕಳೆದುಕೊಂಡುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಮೇಲಾಗಿ ಠಾಣೆಯ ಸರಕಾರಿ ಕಚೇರಿಯಲ್ಲಿ ಕಾರಕೂನ. ಖಾಲಿ ಅರ್ಜಿಗೆ ಸಹಿ ಹಾಕಬೇಡಿರೆಂದು ದಿನವೂ ಜನರಿಗೆ ಹೇಳುವವನು.

ಈ ಚಿಂತೆಯಲ್ಲಿಯೇ ಶಬ್ದದ ಬೆನ್ನು ಹತ್ತಿದೆ. (ಬಿ.ಎ.ಗೆ ಇತಿಹಾಸ ಓದಿದ ಚಾಳಿ ಇನ್ನೂ ಬಿಟ್ಟಿಲ್ಲ.) ‘ವಕೀಲ’ ಎಂಬುದು ಅರಬ್ಬಿ ಮಾತು, ಪಾರಸಿಯ ಕೈಹಿಡಿದು ನಮ್ಮಲ್ಲಿಗೆ ಬಂದುದು. ನಂಬಿ ಯಾರಿಗೆ ನಮ್ಮ ಕೆಲಸವನ್ನು ಒಪ್ಪಿಸುತ್ತೇವೆಯೋ ಅವನೇ ವಕೀಲ. ಆ ಅರ್ಥದಲ್ಲಿ ಕೋರ್ಟಿನ ಸುಳಿವೇ ಇಲ್ಲ! ಪೇಶವೆಯರ ಕಾಲದಲ್ಲಿ ಪರದರಬಾರಿನಲ್ಲಿರುತ್ತಿದ್ದ ರಾಯಭಾರಿಯೂ ವಕೀಲನೇ. 1784ರಲ್ಲಿ ದಿಲ್ಲಿಯ ಬಾದಶಹ ಶಾಹ ಆಲಮನ ‘ವಕೀಲ್-ಇ-ಮುತ್ಲಕ್’ ಅಧಿಕಾರ, ಎಂದರೆ ಸರ್ವಾಧಿಕಾರದ ವಕೀಲಿಕೆ, ಮಹಾದಜಿ ಶಿಂದೆಯ ಕೈಗೆ ಬಂದಿತು. ಬಾದಶಹನು ಹೆಸರಿಗಷ್ಟೇ ಬಾದಶಹನಾಗಿ ಉಳಿದ.

ಇಂಗ್ಲಿಷಿನ ‘ಅಡ್ವೋಕೇಟ್’ ಲ್ಯಾಟಿನ್ ಮೂಲದ್ದು. ನೆರವಿಗೆ ಕರೆಸಿಕೊಂಡವನು ಎಂದರ್ಥ. 1961ರ ಕಾಯದೆ ವಕೀಲ, ಪ್ಲೀಡರ್ ಎಂಬ ಭೇದಗಳನ್ನು ಅಳಿಸಿ ಎಲ್ಲರನ್ನೂ ಅಡ್ವೋಕೇಟರನ್ನಾಗಿ ಮಾಡಿತು. ಆದರೂ ಕಾಗದದ ಹೆಸರು ವಕಾಲತ್ತುನಾಮೆಯೇ. ಅದರ ಬಲವೂ ಸಣ್ಣದಲ್ಲ: 1908ರ ಸಿವಿಲ್ ಸಂಹಿತೆಯ ಪ್ರಕಾರ, ಕೋರ್ಟಿನ ಅಪ್ಪಣೆಯಿಂದ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು, ಇಲ್ಲವೆ ದಾವೆ ಮುಗಿಯಬೇಕು, ಇಬ್ಬರಲ್ಲೊಬ್ಬರು ತೀರಿಕೊಳ್ಳಬೇಕು. ಅಲ್ಲಿಯ ತನಕ ಅದು ನಡೆಯುತ್ತದೆ. ಇಂಥ ನಂಟನ್ನು ಹೆಸರು ತಿಳಿಯದವರೊಡನೆ ಬೆಳೆಸುವುದೆಂತು?

ರಾತ್ರಿ ಅಣ್ಣನಿಗೆ ಫೋನು ಮಾಡಿದೆ. “ಅಲ್ಲೋ ತಮ್ಮಾ, ಊರಾಗ ಎಲ್ಲಾರೂ ಹಿಂಗ ಕೊಡ್ತಾರ” ಎಂದು ನಕ್ಕ. ಆಮೇಲೆ ತುಸು ಹೊತ್ತು ಸುಮ್ಮನಿದ್ದು, “ಅಪ್ಪನ ನೆನಪಾತೇನು?” ಎಂದ. ನಾನು ಹೂಂ ಎಂದೆ.

ವಕೀಲರ ಹೆಸರನ್ನೂ ನಂಬರನ್ನೂ ಅವನು ಹೇಳಿದ. ನನ್ನ ಕೈಯಿಂದಲೇ ಬರೆದುಕೊಂಡು, ಕೆಳಗೆ ಸಹಿ ಮಾಡಿದೆ. ಮರುದಿನ ಕಚೇರಿಯ ಮಧ್ಯಾಹ್ನದ ಬಿಡುವಿನಲ್ಲಿ ರಜಿಸ್ಟರ್ ಟಪಾಲಿಗೆ ಹಾಕಿ ಬಂದೆ.